ನಿಮ್ಮ ಹಿಂದಿನ ಕಾಲು ಎಲ್ಲಿತ್ತು? ಟ್ಯಾಂಗೊದಲ್ಲಿ ವಾಲುವ ಲೆಕ್ಕಾಚಾರ

ನಾನು ಟ್ಯಾಂಗೊ ಕಲಿಯಲು ಶುರು ಮಾಡಿ ಎರಡನೇ ವರ್ಷ. ಬೆಂಗಳೂರಿನಲ್ಲಿ ಒಂದು ಪ್ರಾಕ್ಟಿಕಾ, ಅಂದರೆ ಅಭ್ಯಾಸಕ್ಕೆಂದೇ ಎಲ್ಲರೂ ಸೇರುವ ಸಂಜೆ. ಅವತ್ತು ನನ್ನ ಜೊತೆ ಕುಣಿಯುತ್ತಿದ್ದವರು ನನಗಿಂತ ತುಂಬಾ ಮೊದಲೇ ಕಲಿತವರು. ವಿಡಿಯೋದಲ್ಲಿ ಹತ್ತಾರು ಸಲ ನೋಡಿದ್ದ ವೋಲ್ಕಾದಾ ಅನ್ನುವ ವಾಲುವ ಹೆಜ್ಜೆ ಮಾಡಿಯೇ ಬಿಡೋಣ ಅಂತ ನನಗೆ ಹುಮ್ಮಸ್ಸು. ಅವರನ್ನು ನನ್ನ ಎದೆಯ ಕಡೆಗೆ ವಾಲಿಸಿಕೊಂಡೆ. ಅರ್ಧ ಸೆಕೆಂಡು ಎಲ್ಲಾ ಚೆನ್ನಾಗಿತ್ತು. ಆಮೇಲೆ ನಾನು ನೆಲದ ಮೇಲಿದ್ದೆ, ಅವರು ನನ್ನ ಮೇಲಿದ್ದರು.

ಪೆಟ್ಟೇನೂ ಆಗಲಿಲ್ಲ, ಮರ್ಯಾದೆ ಹೋಯಿತು ಅಷ್ಟೆ. "ಸಾರಿ, ಕೈಯಲ್ಲಿ ಬಲ ಸಾಲಲಿಲ್ಲ" ಅಂದೆ. ಅವರು ಬಟ್ಟೆ ಕೊಡವಿಕೊಳ್ಳುತ್ತಾ, "ಕೈ ವಿಷಯ ಬಿಡಿ. ನಿಮ್ಮ ಹಿಂದಿನ ಕಾಲು ಎಲ್ಲಿತ್ತು?" ಅಂತ ಕೇಳಿದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದು ಕಾಗದ, ಪೆನ್ನು ಹಿಡಿದು ಕೂತ ಮೇಲೆ ಸಿಕ್ಕಿತು. ಅದನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ಹೆಸರುಗಳು. ಟ್ಯಾಂಗೊ ಹುಟ್ಟಿದ್ದು 19ನೇ ಶತಮಾನದ ಕೊನೆಯ ಹೊತ್ತಿಗೆ, ರಿಯೊ ದೆ ಲಾ ಪ್ಲಾತಾ ನದಿಯ ಆಚೀಚೆ ದಡದ ಬ್ಯೂನಸ್ ಐರಿಸ್ ಮತ್ತು ಮಾಂಟೆವಿಡಿಯೊ ಊರುಗಳಲ್ಲಿ. 2009ರಲ್ಲಿ ಯುನೆಸ್ಕೊ ಅದನ್ನು ಪರಂಪರೆಯ ಪಟ್ಟಿಗೆ ಸೇರಿಸಿದ್ದು ಅರ್ಜೆಂಟೀನಾ ಮತ್ತು ಉರುಗ್ವೆ ಎರಡರ ಹೆಸರಿನಲ್ಲೂ. ಈ ನೃತ್ಯದ ಜೀವ ಇರುವುದು ಅಪ್ಪುಗೆಯಲ್ಲಿ. ಅದಕ್ಕೆ ಅಬ್ರಾಸೊ ಅನ್ನುತ್ತಾರೆ. ಬ್ಯೂನಸ್ ಐರಿಸ್‌ನ ನಡು ಊರಿನ ಕಿಕ್ಕಿರಿದ ಕ್ಲಬ್ಬುಗಳಲ್ಲಿ ಜೋಡಿಗಳು ಎದೆಗೆ ಎದೆ ತಾಗಿಸಿ, ಒಬ್ಬರ ಕಡೆಗೆ ಒಬ್ಬರು ಸ್ವಲ್ಪವೇ ಒರಗಿ ಕುಣಿಯುತ್ತಿದ್ದರು. ಅದು ಅಪಿಲಾದೊ. ಪೇರಿಸಿಟ್ಟಂತೆ ಅನ್ನುವ ಅರ್ಥ. ಆ ಒರಗು ಇನ್ನೂ ಹೆಚ್ಚಾಗಿ, ಇಬ್ಬರ ಪಾದಗಳ ನಡುವೆ ಡೇರೆಯಂಥ ಜಾಗ ಬಿಟ್ಟುಕೊಂಡರೆ ಕಾರ್ಪಾ. ಒಬ್ಬರನ್ನು ಅವರ ನೆಟ್ಟಗಿನ ನಿಲುವಿನಿಂದ ಮುಂದಕ್ಕೆ ವಾಲಿಸಿ, ಬಿಡುವಾಗಿರುವ ಕಾಲು ನೆಲದ ಮೇಲೆ ಕಮಾನು ಬರೆಯುವಂತೆ ಮಾಡಿ ಮತ್ತೆ ನಿಲ್ಲಿಸಿದರೆ ವೋಲ್ಕಾದಾ. ಸ್ಪ್ಯಾನಿಷ್‌ನಲ್ಲಿ 'ವೋಲ್ಕಾರ್' ಅಂದರೆ ಮಗುಚು, ಉರುಳಿಸು. ಇಬ್ಬರೂ ಹೊರಗಡೆಗೆ ವಾಲಿದರೆ ಕೋಲ್ಗಾದಾ, ಅಂದರೆ ನೇತಾಡುವುದು.

ಈ ಕೊನೆಯ ಎರಡು ಇವತ್ತಿನ ರೂಪಕ್ಕೆ ಬಂದದ್ದು 1990ರ ದಶಕದ ಆಚೀಚೆ. ಗುಸ್ತಾವೊ ನಾವೇಯ್ರಾ, ಫಾಬಿಯಾನ್ ಸಾಲಾಸ್, ಚಿಚೊ ಫ್ರೂಂಬೊಲಿ ಮುಂತಾದವರು ಹಳೆಯ ಹೆಜ್ಜೆಗಳನ್ನೆಲ್ಲ ಬಿಚ್ಚಿ, ಯಾವುದು ಯಾಕೆ ಹಾಗೆ ಆಗುತ್ತದೆ ಅಂತ ಹುಡುಕಿದ ಕಾಲ ಅದು. ವೇದಿಕೆಯ ಮೇಲೆ ವಾಲುವಿಕೆಯನ್ನೇ ತಮ್ಮ ಗುರುತಾಗಿ ಮಾಡಿಕೊಂಡವರು ಕಾರ್ಲೋಸ್ ಗವೀತೊ (1942–2005). ಮಾರ್ಸೆಲಾ ದುರಾನ್ ಜೊತೆ ಅವರು ವಾಲಿ ನಿಂತಿರುವುದನ್ನು ನೋಡಿದರೆ ಇಬ್ಬರಲ್ಲಿ ಯಾರು ಯಾರನ್ನು ಹಿಡಿದಿದ್ದಾರೆ ಅನ್ನುವುದೇ ತಿಳಿಯುವುದಿಲ್ಲ. ಆ ಸೊಬಗಿಗೆ ಮರುಳಾಗಿಯೇ ನನ್ನಂಥವರು ನೆಲಕ್ಕೆ ಬೀಳುವುದು.

ಈಗ ಲೆಕ್ಕ. ಗೋಡೆಗೆ ಆನಿಸಿದ ಏಣಿಯನ್ನು ನೆನೆಯಿರಿ. ಏಣಿ ನಿಂತಿರುವುದು ಎರಡು ಕಾರಣಕ್ಕೆ. ಮೇಲೆ ಗೋಡೆ ಅದನ್ನು ಎದುರು ತಳ್ಳುತ್ತಿದೆ, ಕೆಳಗೆ ನೆಲ ಅದರ ಬುಡ ಜಾರದಂತೆ ಹಿಡಿದಿದೆ. ಎರಡರಲ್ಲಿ ಒಂದು ಕೈಕೊಟ್ಟರೂ ಏಣಿ ಬೀಳುತ್ತದೆ. ಜೋಡಿಯಲ್ಲಿ ಹೆಜ್ಜೆ ನಡೆಸುವವರು ಲೀಡರ್, ಅದನ್ನು ಅನುಸರಿಸುವವರು ಫಾಲೋವರ್. ವಾಲಿದ ಫಾಲೋವರ್ ಏಣಿ, ಲೀಡರ್ ಗೋಡೆ. ಒಂದೇ ತೊಂದರೆ ಅಂದರೆ, ಈ ಗೋಡೆಗೆ ಅಡಿಪಾಯ ಇಲ್ಲ. ಅದಕ್ಕೂ ಎರಡೇ ಕಾಲು.

60 ಕೆಜಿ ತೂಕದ, 165 ಸೆಂ.ಮೀ. ಎತ್ತರದ ಒಬ್ಬರು ವಾಲಿದ್ದಾರೆ ಅಂದುಕೊಳ್ಳೋಣ. ದೇಹದ ತೂಕದ ನಡುಬಿಂದು ಹೆಚ್ಚುಕಡಿಮೆ ಹೊಕ್ಕುಳಿನ ಕೆಳಗೆ, ನೆಲದಿಂದ 95 ಸೆಂ.ಮೀ. ಹತ್ತಿರ ಇರುತ್ತದೆ. ಎದೆ ತಾಗುವ ಜಾಗ 120 ಸೆಂ.ಮೀ. ಎತ್ತರದಲ್ಲಿ. ನೆಟ್ಟಗಿನ ಗೆರೆಯಿಂದ 5 ಡಿಗ್ರಿ ವಾಲಿದರೆ ತಲೆ ಸುಮಾರು 14 ಸೆಂ.ಮೀ. ಮುಂದೆ ಬರುತ್ತದೆ. ಒಂದು ಗೇಣೂ ಇಲ್ಲ. ಆಗ ಲೀಡರ್ ಎದೆಯ ಮೇಲೆ ಬೀಳುವ ತಳ್ಳು 4 ಕೆಜಿಯಷ್ಟು. 10 ಡಿಗ್ರಿಗೆ ತಲೆ 29 ಸೆಂ.ಮೀ. ಮುಂದೆ, ತಳ್ಳು 8 ಕೆಜಿ. 20 ಡಿಗ್ರಿಗೆ ತಲೆ ಒಂದು ಮೊಳಕ್ಕಿಂತ ಜಾಸ್ತಿ ಮುಂದೆ, ತಳ್ಳು 17 ಕೆಜಿ. 30 ಡಿಗ್ರಿ ಆದರೆ 27 ಕೆಜಿ. ಅಂಗಡಿಯಲ್ಲಿ ಸಿಗುವ 25 ಕೆಜಿ ಅಕ್ಕಿ ಚೀಲವನ್ನು ಯಾರೋ ನಿಮ್ಮ ಎದೆಗೆ ಒತ್ತಿ ಹಿಡಿದಂತೆ.

ನೋಡಿ, 5 ಡಿಗ್ರಿ ಎಷ್ಟು ಹಗುರ! ಆ ನಾಲ್ಕು ಕೆಜಿಯಲ್ಲೇ ವೋಲ್ಕಾದಾದ ರುಚಿಯೆಲ್ಲ ಇದೆ. ಕಾಲು ಕಮಾನು ಬರೆಯುತ್ತದೆ, ಉಸಿರು ಒಂದು ಕ್ಷಣ ಮೇಲಕ್ಕೆ ನಿಲ್ಲುತ್ತದೆ. 20 ಡಿಗ್ರಿ ಬೇಕಾಗಿರುವುದು ಕುಣಿಯುವವರಿಗಲ್ಲ, ನೋಡುವವರಿಗೆ.

ಇನ್ನು ಗೋಡೆಯ ಕಥೆ. ಎದೆಯ ಎತ್ತರದಲ್ಲಿ ಬಿದ್ದ ತಳ್ಳು ಲೀಡರ್‌ನ್ನು ಹಿಂದಕ್ಕೆ ಮಗುಚಲು ನೋಡುತ್ತದೆ. ಅದನ್ನು ತಡೆಯಬೇಕಾದರೆ ಅವರ ಪಾದದ ಕೆಳಗೆ ನೆಲ ಕೊಡುವ ಒತ್ತು ಹಿಂದಕ್ಕೆ ಸರಿಯಬೇಕು. 70 ಕೆಜಿಯ ಲೀಡರ್‌ಗೆ 5 ಡಿಗ್ರಿ ವಾಲುವಿಕೆ ತಡೆಯಲು ಆ ಒತ್ತು 7 ಸೆಂ.ಮೀ. ಹಿಂದೆ ಹೋದರೆ ಸಾಕು. 10 ಡಿಗ್ರಿಗೆ 14 ಸೆಂ.ಮೀ. ಬೇಕು. 20 ಡಿಗ್ರಿಗೆ 28 ಸೆಂ.ಮೀ. ಆದರೆ ಎರಡೂ ಕಾಲು ಜೋಡಿಸಿ ನಿಂತವರಿಗೆ ಪಾದದ ನಡುವಿನಿಂದ ಹಿಮ್ಮಡಿಯ ಅಂಚಿನವರೆಗೆ ಸಿಗುವುದೇ ಸುಮಾರು 12 ಸೆಂ.ಮೀ. ಅದು ಮುಗಿದ ಮೇಲೆ ಇರುವುದು ಗಾಳಿ.

ನಾನು ಬಿದ್ದದ್ದು ಇಲ್ಲೇ. ಹಿಂದೆ ಹೆಜ್ಜೆ ಇಟ್ಟಾದ ಮೇಲೆ, ಅಂದವಾಗಿ ಕಾಣಲಿ ಅಂತ ಎರಡೂ ಕಾಲು ಜೋಡಿಸಿದ್ದೆ. ಟ್ಯಾಂಗೊದಲ್ಲಿ ಪ್ರತಿ ಹೆಜ್ಜೆಯ ನಡುವೆಯೂ ಕಾಲು ಕೂಡಿಸಬೇಕು ಅಂತ ಮೊದಲ ದಿನದಿಂದ ತಲೆಗೆ ತುಂಬಿರುತ್ತಾರಲ್ಲ, ಆ ಅಭ್ಯಾಸ. ವಾಲುವಾಗ ಮಾತ್ರ ಆ ಪಾಠವನ್ನು ಮರೆಯಬೇಕು. ಒಂದು ಕಾಲು ಹಿಂದೆ ಇರಬೇಕು, ಮಂಡಿ ಸ್ವಲ್ಪ ಸಡಿಲ ಇರಬೇಕು, ಹಿಮ್ಮಡಿ ನೆಲದಲ್ಲಿ ಇರಬೇಕು. ತೋಳಿನಲ್ಲಿ ಎಷ್ಟು ಬಲ ಇದ್ದರೂ ಹಿಂದಿನ ಕಾಲಿಲ್ಲದ ಗೋಡೆ ಬೀಳುತ್ತದೆ. ಜಿಮ್ಮಿಗೆ ಹೋಗಿ ಮೈ ಬೆಳೆಸಿಕೊಂಡವರು ಹೊಸದರಲ್ಲಿ ಜಾಸ್ತಿ ಬೀಳುವುದನ್ನು ನಾನೇ ನೋಡಿದ್ದೇನೆ. ಅವರು ಎಳೆಯುತ್ತಾರೆ. ಎಳೆದಷ್ಟೂ ತಳ್ಳು ಹೆಚ್ಚಾಗುತ್ತದೆ.

ಇನ್ನೊಂದು ದಾರಿಯೂ ಇದೆ. ಲೀಡರ್ ಕೂಡ ಎದುರು ಒರಗುವುದು. ಇಸ್ಪೀಟ್ ಎಲೆಯಲ್ಲಿ ಮನೆ ಕಟ್ಟುವಾಗ ಎರಡು ಎಲೆ ಒಂದಕ್ಕೊಂದು ಆನಿಸುತ್ತೇವಲ್ಲ, ಹಾಗೆ. ಒಂದರ ತಳ್ಳು ಇನ್ನೊಂದರದ್ದನ್ನು ಸರಿದೂಗಿಸುತ್ತದೆ. ಅಪಿಲಾದೊ ಕುಣಿಯುವವರು ರಾತ್ರಿಯೆಲ್ಲ ದಣಿಯದೆ ಒರಗಿರುವುದು ಹೀಗೆ. ಇಬ್ಬರ ತೂಕ ಒಂದೇ ಆದರೆ ಒಂದೇ ಕೋನ ಸಾಕು. ತೂಕ ಬೇರೆ ಬೇರೆ ಆದರೆ ಹಗುರ ಇರುವವರು ಜಾಸ್ತಿ ಒರಗಬೇಕು, ಭಾರ ಇರುವವರು ಕಡಿಮೆ. ಭಾರ ಇರುವವರ ಜೊತೆ ವಾಲಲು ಆಗುವುದೇ ಇಲ್ಲ ಅನ್ನುವ ಮಾತು ಸುಳ್ಳು. ಕೋನ ಬದಲಾಗಬೇಕು, ಅಷ್ಟೆ.

ಏಣಿಯ ಬುಡದ ವಿಷಯ ಬಾಕಿ ಇದೆ. ಮೇಲೆ ಎದೆಯಲ್ಲಿ ಎಷ್ಟು ತಳ್ಳು ಇದೆಯೋ, ಕೆಳಗೆ ಪಾದವೂ ಅಷ್ಟೇ ಬಲದಲ್ಲಿ ಜಾರಲು ನೋಡುತ್ತದೆ. 20 ಡಿಗ್ರಿ ವಾಲಿದಾಗ ಇದು ದೇಹದ ತೂಕದ ಶೇ 29ರಷ್ಟು. ಏಣಿ ಹಾಕುವವರಿಗೆ ಒಂದು ಲೆಕ್ಕ ಇದೆ: ನಾಲ್ಕು ಅಡಿ ಎತ್ತರಕ್ಕೆ ಬುಡ ಒಂದು ಅಡಿ ದೂರ. ಅಂದರೆ 14 ಡಿಗ್ರಿ. ಅದಕ್ಕಿಂತ ಮಲಗಿಸಿದರೆ ಬುಡ ಜಾರುವ ಭಯ. ಏಣಿಯ ಬುಡಕ್ಕಾದರೂ ರಬ್ಬರ್ ಇರುತ್ತದೆ. ಟ್ಯಾಂಗೊ ಶೂಗಳ ಅಟ್ಟೆ ಚರ್ಮದ್ದು, ಸುಲಭವಾಗಿ ತಿರುಗಲಿ ಅಂತಲೇ ನುಣುಪಾಗಿ ಮಾಡಿದ್ದು. ಜೊತೆಗೆ ನಮ್ಮ ಕಡೆಯ ಹಾಲ್‌ಗಳಲ್ಲಿ ಮರದ ನೆಲ ಕಡಿಮೆ, ಟೈಲ್ಸು, ಗ್ರಾನೈಟ್ ಜಾಸ್ತಿ. ಯಾರೋ ಒಬ್ಬರು ಕಾಲು ತಿರುಗಲಿ ಅಂತ ಪೌಡರ್ ಉದುರಿಸಿರುತ್ತಾರೆ. ಮಳೆಗಾಲವಾದರೆ ಬಾಗಿಲ ಹತ್ತಿರ ಒದ್ದೆ. ಮೊದಲ ಹಾಡಿನಲ್ಲಿ ನೆಲ ಹೇಗಿದೆ ಅಂತ ಕಾಲಿನಿಂದ ನೋಡಿಕೊಳ್ಳುವವರೆಗೆ ವಾಲುವ ಯೋಚನೆ ಬೇಡ.

ಏಣಿ ಅಂದೆ. ಏಣಿ ಮಧ್ಯದಲ್ಲಿ ಮುರಿದಿದ್ದರೆ? ಫಾಲೋ ಮಾಡುವವರ ಕಡೆಯಿಂದ ಆಗುವ ದೊಡ್ಡ ತಪ್ಪು ಇದೇ. ಹಿಮ್ಮಡಿಯಿಂದ ನೆತ್ತಿವರೆಗೆ ಮೈ ಒಂದೇ ಹಲಗೆಯಂತೆ ವಾಲಬೇಕು. ಭಯವಾದಾಗ ಸೊಂಟ ತಾನಾಗಿ ಹಿಂದೆ ಉಳಿಯುತ್ತದೆ, ಎದೆ ಮಾತ್ರ ಮುಂದೆ ಹೋಗುತ್ತದೆ. ನಲ್ಲಿ ಕೆಳಗೆ ಮುಖ ತೊಳೆಯಲು ಬಗ್ಗಿದಂತೆ. ಆಗ ಕೈಗಳು ಲೀಡರ್ ಕತ್ತಿಗೆ ಜೋತುಬೀಳುತ್ತವೆ, ಅವರ ಬೆನ್ನಿನ ಕೆಳಭಾಗ ಹಿಡಿದುಕೊಳ್ಳುತ್ತದೆ. ಇದಕ್ಕೆ ತಿರುಗುಮುರುಗಾದ ತಪ್ಪೂ ಉಂಟು. ಹೊಟ್ಟೆ ಸಡಿಲ ಬಿಟ್ಟು ನಡು ಜೋಲುವುದು. ಇದರಲ್ಲಿ ನೋವು ವಾಲಿದವರ ಸೊಂಟಕ್ಕೇ.

ಹಲಗೆ ಅಂದ ಮಾತ್ರಕ್ಕೆ ಮರದಂತೆ ಬಿಗಿಯುವುದು ಅಲ್ಲ. ಕೆಮ್ಮುವಾಗ ಹೊಟ್ಟೆ ಗಟ್ಟಿಯಾಗುತ್ತದಲ್ಲ, ಅದರ ಕಾಲುಭಾಗ ಸಾಕು. ಕತ್ತು ಉದ್ದ, ಉಸಿರು ಓಡಾಡುತ್ತಿರಲಿ. ನಿಂತ ಕಾಲಿನ ಮಂಡಿ ನೆಟ್ಟಗಿದ್ದರೂ ಬೀಗ ಹಾಕಿರಬಾರದು, ಮತ್ತು ಅದು ಪಾದ ನೋಡುವ ದಿಕ್ಕನ್ನೇ ನೋಡಬೇಕು. ಭಾರ ಹೊತ್ತ ಮಂಡಿಯನ್ನು ತಿರುಚುವುದು ಒಳ್ಳೆಯದಲ್ಲ. ತಿರುಗಬೇಕಾದರೆ ಪಾದದ ಮುಂಭಾಗದ ಮೇಲೆ ಇಡೀ ಕಾಲು ತಿರುಗಲಿ. ಬಿಡುವಾಗಿರುವ ಕಾಲಂತೂ ಸೊಂಟದಿಂದಲೇ ಸಡಿಲ, ಗಂಟೆಯ ನಾಲಿಗೆಯಂತೆ.

ಈ ಸಡಿಲ ಕಾಲು ಅಂದಕ್ಕೆ ಮಾತ್ರ ಅಂತ ನಾನು ತುಂಬಾ ದಿನ ಅಂದುಕೊಂಡಿದ್ದೆ. ಅಲ್ಲ. ಏನಾದರೂ ಎಡವಟ್ಟಾದರೆ ನೆಲಕ್ಕೆ ಇಡಬೇಕಾದ ಕಾಲು ಅದೇ. ಅದು ಫಾಲೋವರ್ ಕೈಯಲ್ಲಿರುವ ಬ್ರೇಕು. ಅದಕ್ಕೇ ಆ ಕಾಲಿನ ದಾರಿಗೆ ಲೀಡರ್ ತನ್ನ ಕಾಲು ಅಡ್ಡ ಇಡಬಾರದು. ಇಟ್ಟರೆ ವಾಲಿದವರಿಗೆ ವಾಪಸ್ ಬರುವ ದಾರಿಯನ್ನೇ ಮುಚ್ಚಿದಂತೆ.

ಇಷ್ಟಾದ ಮೇಲೆ ವೋಲ್ಕಾದಾ ನಡೆಯುವ ರೀತಿ ಹೇಳುವುದು ಸುಲಭ. ಫಾಲೋವರ್ ಪೂರ್ತಿ ಒಂದು ಕಾಲಿನ ಮೇಲೆ ನಿಂತಿದ್ದಾರೆ. ಅದು ಯಾವ ಕಾಲು ಅಂತ ಲೀಡರ್‌ಗೆ ಖಾತ್ರಿ ಇರಬೇಕು. ಗೊತ್ತಿಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ, ಸುಮ್ನೆ ನಡೆಯಿರಿ. ಲೀಡರ್ ಬಲಗೈ ಬೆನ್ನಿನ ಸುತ್ತ, ಭುಜದ ಮೂಳೆಯ ಕೆಳಗೆ, ಅಗಲವಾಗಿ ಹರಡಿದೆ. ಬೆರಳ ತುದಿ ಚುಚ್ಚುತ್ತಿಲ್ಲ. ಎಡಗೈಗೆ ಇಲ್ಲಿ ಕೆಲಸವೇ ಇಲ್ಲ. ಎಡಗೈ ತಳ್ಳಲು ಶುರು ಮಾಡಿತು ಅಂದರೆ ಬೇರೆ ಎಲ್ಲೋ ತಪ್ಪಾಗಿದೆ ಅಂತ ಅರ್ಥ. ಲೀಡರ್ ನಿಧಾನವಾಗಿ ಹಿಂದೆ ಒಂದು ಹೆಜ್ಜೆ ಇಡುತ್ತಾರೆ, ಎದೆಯ ತಾಗು ಬಿಡದೆ. ಫಾಲೋವರ್ ಕಾಲು ಬದಲಿಸುವುದಿಲ್ಲ, ಇದ್ದಲ್ಲಿಂದಲೇ ಮುಂದಕ್ಕೆ ಒರಗುತ್ತಾರೆ. ಲೀಡರ್ ಎದೆ ಪಕ್ಕಕ್ಕೆ ಹೊರಳುತ್ತದೆ, ಸಡಿಲ ಕಾಲು ಕಮಾನು ಬರೆದು ನಿಂತ ಕಾಲಿನ ಮುಂದೆ ಬಂದು ಕತ್ತರಿಯಾಗುತ್ತದೆ. ಆಮೇಲೆ ಲೀಡರ್ ಮುಂದೆ ಬಂದು ಅವರನ್ನು ನೆಟ್ಟಗೆ ನಿಲ್ಲಿಸುತ್ತಾರೆ.

ಅತಿ ಹೆಚ್ಚು ಎಡವಟ್ಟು ಆಗುವುದು ಈ ಕೊನೆಯ ಸಾಲಿನಲ್ಲಿ. ಕಮಾನು ಚೆನ್ನಾಗಿ ಬಂತು ಅನ್ನುವ ಖುಷಿಗೆ ಲೀಡರ್ ಮನಸ್ಸು ಮುಂದಿನ ಹೆಜ್ಜೆಗೆ ಹಾರಿರುತ್ತದೆ. ತೋಳು ಸಡಿಲವಾಗುತ್ತದೆ, ಆ ಕಡೆಯವರು ಇನ್ನೂ ವಾಲಿಯೇ ಇರುತ್ತಾರೆ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಂಡಕ್ಟರ್ ರೈಟ್ ಅಂದಂತೆ. ಎದೆಯ ಮೇಲಿನ ತಳ್ಳು ಪೂರ್ತಿ ಇಳಿದು, ಅವರ ತೂಕ ಅವರ ಪಾದದ ಮೇಲೆ ಕೂತದ್ದು ಗೊತ್ತಾಗುವವರೆಗೆ ಕಾಯಬೇಕು. ಸಂಗೀತ ಮುಂದೆ ಹೋದರೆ ಹೋಗಲಿ.

ಇದನ್ನೆಲ್ಲ ಕಲಿಯಲು ಜೊತೆಗಾರರೇ ಬೇಕು ಅಂತಿಲ್ಲ. ಮನೆಯ ಗೋಡೆ ಸಾಕು. ಗೋಡೆಯಿಂದ ಒಂದು ಹೆಜ್ಜೆ ದೂರ ನಿಂತು, ಅಂಗೈಗಳನ್ನು ಎದೆಯ ಎತ್ತರದಲ್ಲಿ ಗೋಡೆಗೆ ಕೊಟ್ಟು ಒರಗಿ. ಸೊಂಟ ಹಿಂದೆ ಉಳಿಯಿತಾ, ಹಿಮ್ಮಡಿ ಎದ್ದಿತಾ, ಉಸಿರು ಹಿಡಿದಿರಾ ನೋಡಿಕೊಳ್ಳಿ. ಆಮೇಲೆ ಗೋಡೆಯನ್ನು ತಳ್ಳದೆ, ಪಾದದ ಬಲದಿಂದಲೇ ನೆಟ್ಟಗಾಗಲು ನೋಡಿ. ಯಾವ ಕೋನದ ತನಕ ಹಾಗೆ ಬರಲು ಆಗುತ್ತದೋ ಅಲ್ಲಿವರೆಗೆ ನೀವು ಯಾರ ಹಂಗಿನಲ್ಲೂ ಇಲ್ಲ. ಜೊತೆಗಾರರು ಸಿಕ್ಕಾಗ ಮೊದಲು ಅಪ್ಪುಗೆ ಬೇಡ, ಅಂಗೈಗೆ ಅಂಗೈ ಕೊಟ್ಟು ಒರಗಿ, ಪಾದಗಳನ್ನು ಸ್ವಲ್ಪ ಸ್ವಲ್ಪವೇ ಹಿಂದೆ ಸರಿಸಿ. ಯಾರಾದರೂ "ಸಾಕು" ಅಂದರೆ ಇಬ್ಬರೂ ಒಳಗೆ ನಡೆದು ಬನ್ನಿ. ಕೆಲವು ಕಡೆ ನಂಬಿಕೆ ಬೆಳೆಸಲು ಅಂತ ಕಣ್ಣು ಮುಚ್ಚಿಸಿ ದೊಪ್ಪನೆ ಬೀಳಿಸಿ ಹಿಡಿಯುವ ಆಟ ಆಡಿಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ವಾಲುವಾಗ ತೂಕ ಒಂದೊಂದೇ ಚಮಚ ಸುರಿದಂತೆ ಬರಬೇಕು. ಬಿದ್ದ ತೂಕವನ್ನು ಹಿಡಿಯುವುದು ಬೇರೆಯೇ ವಿದ್ಯೆ.

ಕೋಲ್ಗಾದಾ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಚಿಕ್ಕಂದಿನಲ್ಲಿ ಅಪ್ಪಾಲೆ ತಿಪ್ಪಾಲೆ ಆಡಿದವರಿಗೆಲ್ಲ ಅದು ಗೊತ್ತು. ಇಬ್ಬರು ಕೈಕೈ ಹಿಡಿದು, ಪಾದ ಹತ್ತಿರ ಇಟ್ಟು, ಹಿಂದಕ್ಕೆ ಜೋತುಬಿದ್ದು ಗಿರಗಿರ ಸುತ್ತುವುದು. ಒಬ್ಬರು ಕೈ ಬಿಟ್ಟರೆ ಇಬ್ಬರೂ ಅಂಗಾತ. ಟ್ಯಾಂಗೊದಲ್ಲಿ ಕೈಯ ಬದಲು ಬೆನ್ನು ಬಳಸಿದ ತೋಳು ಹಿಡಿಯುತ್ತದೆ. ಬೆವರಿದ ತೆಳು ಅಂಗಿ ಇಲ್ಲಿ ದೊಡ್ಡ ಶತ್ರು.

ಹಿಂದಕ್ಕೆ ಬಗ್ಗಿಸುವ ಡಿಪ್ ಬಗ್ಗೆ ಒಂದು ಮಾತು, ಯಾಕೆಂದರೆ ಈಗ ನಮ್ಮ ಮದುವೆಗಳ ಸಂಗೀತ್ ಸಂಜೆಯಲ್ಲಿ ಅದಿಲ್ಲದೆ ಫೋಟೋ ಮುಗಿಯುವುದಿಲ್ಲ. ಇದು ವೋಲ್ಕಾದಾಕ್ಕಿಂತ ಅಪಾಯದ್ದು. ಬಗ್ಗುವವರಿಗೆ ಹಿಂದೆ ಏನಿದೆ ಅಂತ ಕಾಣುವುದಿಲ್ಲ, ಬಿದ್ದರೆ ಮೊದಲು ತಗಲುವುದು ತಲೆ. ಮದುಮಗಳ ಭಾರದ ಬಟ್ಟೆ, ಹೀಲ್ಸ್, ಸುಕ್ಕುಗಟ್ಟಿದ ಕಾರ್ಪೆಟ್ ಬೇರೆ. ಮಾಡಲೇಬೇಕು ಅಂದರೆ ಹಿಡಿಯುವವರು ಕಾಲು ಅಗಲಿಸಿ ಮಂಡಿ ಬಗ್ಗಿಸಿ ಕೆಳಗಿಳಿಯಬೇಕು, ಬೆನ್ನು ಬಗ್ಗಿಸಿ ಅಲ್ಲ. ಒಂದು ಕೈ ಎರಡು ಭುಜದ ಮೂಳೆಗಳ ನಡುವೆ ಇರಲಿ. ಬಗ್ಗುವವರು ತಮ್ಮ ಒಂದು ಕಾಲಿನ ಮೇಲೆ ತಾವೇ ನಿಂತಿರಬೇಕು, ಗಲ್ಲ ಎದೆಯ ಕಡೆಗೆ. ತಲೆ ಹಿಂದೆ ಚೆಲ್ಲುವ ಸಿನಿಮಾ ಶೈಲಿ ಬೇಡ. ಹಿಂದಿನ ದಿನ ರಾತ್ರಿ ಯೂಟ್ಯೂಬ್ ನೋಡಿ ಕಲಿತದ್ದಾದರೆ, ಪಕ್ಕಕ್ಕೆ ಒರಗಿ ನಕ್ಕರೂ ಫೋಟೋ ಚೆನ್ನಾಗಿಯೇ ಬರುತ್ತದೆ.

ಮಿಲೋಂಗಾದಲ್ಲಿ, ಅಂದರೆ ಎಲ್ಲರೂ ಸೇರಿ ಕುಣಿಯುವ ಕೂಟದಲ್ಲಿ, ಇನ್ನೊಂದು ಲೆಕ್ಕ ಸೇರುತ್ತದೆ. ಜೋಡಿಗಳೆಲ್ಲ ಗಡಿಯಾರದ ಎದುರು ದಿಕ್ಕಿನಲ್ಲಿ ಸುತ್ತು ಹೋಗುತ್ತಿರುತ್ತವೆ. ಅದು ರೋಂಡಾ. ಲೀಡರ್ ಹಿಂದೆ ಹೆಜ್ಜೆ ಇಡುವುದು ಅಂದರೆ ಟ್ರಾಫಿಕ್ಕಿನಲ್ಲಿ ರಿವರ್ಸ್ ತೆಗೆದಂತೆ. ಹಿಂದಿನಿಂದ ಬಂದವರು ಒಂದು ಚೂರು ತಾಗಿದರೂ ನಿಮ್ಮ ಆ 28 ಸೆಂ.ಮೀ. ಲೆಕ್ಕ ಮಣ್ಣುಪಾಲು. ಕಮಾನು ಬರೆಯುವ ಕಾಲಿನ ತುದಿಯಲ್ಲಿ ಚೂಪು ಹೀಲ್ ಬೇರೆ ಇರುತ್ತದೆ. ಜಾಗ ಇಲ್ಲದಿದ್ದರೆ ದೊಡ್ಡದಾಗಿ ವಾಲುವುದು ಬರೀ ಅಪಾಯ ಅಲ್ಲ, ಒರಟುತನ.

ಕೊನೆಗೆ, ಎಷ್ಟು ವಾಲಬೇಕು ಅಂತ ತೀರ್ಮಾನಿಸುವವರು ಯಾರು? ಲೀಡರ್ ಅಂತ ನಾನು ಅಂದುಕೊಂಡಿದ್ದೆ. ಹೆಸರೇ ಹಾಗಿದೆಯಲ್ವಾ. ಆದರೆ ಲೀಡರ್ ಮಾಡಲು ಆಗುವುದು ಜಾಗ ಬಿಟ್ಟುಕೊಡುವುದು ಮಾತ್ರ. ಆ ಜಾಗಕ್ಕೆ ತೂಕ ಕೊಡುವವರು ಇನ್ನೊಬ್ಬರು. ಸೊಂಟ ನೋವಿರಬಹುದು, ಶೂ ಹೊಸದಿರಬಹುದು, ನನ್ನ ಮೇಲೆ ಅಷ್ಟು ನಂಬಿಕೆ ಬಂದಿಲ್ಲದಿರಬಹುದು. ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ತಮ್ಮ ಕಾಲಿನ ಮೇಲೆ ತಾವು ನೆಟ್ಟಗೆ ನಿಂತುಬಿಟ್ಟರೆ ಅದೇ ಉತ್ತರ. ಆಗ ಎಳೆಯದೆ, ಹಿಂದೆ ಇಟ್ಟ ಹೆಜ್ಜೆಯನ್ನು ಸಾಮಾನ್ಯ ಹೆಜ್ಜೆಯಾಗಿಸಿಕೊಂಡು ಮುಂದೆ ನಡೆಯಬೇಕು. ನೋಡುವವರಿಗೆ ಏನಾಯಿತು ಅಂತಲೂ ತಿಳಿಯುವುದಿಲ್ಲ.

ಅವತ್ತು ನನ್ನ ಜೊತೆ ಬಿದ್ದವರು ಈಗಲೂ ನನ್ನ ಜೊತೆ ಕುಣಿಯುತ್ತಾರೆ. ಹಿಂದಿನ ಕಾಲು ಈಗ ಹಿಂದೆಯೇ ಇರುತ್ತದೆ. ಆದರೂ ನಾನು ಮೂರು ಸಲ ಜಾಗ ಬಿಟ್ಟುಕೊಟ್ಟರೆ ಅವರು ಒಂದು ಸಲ ವಾಲುತ್ತಾರೆ. ಮಿಕ್ಕ ಎರಡು ಸಲ ಕಂಬದಂತೆ ನಿಂತು, ಕಿವಿ ಹತ್ತಿರ ಸಣ್ಣಗೆ ನಗುತ್ತಾರೆ.